ಜಾಲತಾಣವೆಂಬ ಮನೆಯೂ ಬಂದವರ ಸತ್ಕಾರವೂ

ಮನೆಬಾಗಿಲಿಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಕೂಡಲು ಚಾಪೆ, ಕುಡಿಯಲು ನೀರು ಬೆಲ್ಲ; ಬಂದ ಕಾರ್ಯವೇನೆಂದು ವಿಚಾರಿಸುವುದು ಆಮೇಲೆ. ನಮ್ಮ ನಾಡಿನ ಈ ಮರ್ಯಾದೆಯನ್ನು ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಕಲಿಸಬೇಕಾದುದಿಲ್ಲ. ಅದು ತಾಯಿಯ ಮಡಿಲಲ್ಲಿಯೇ ಬಂದದ್ದು. ಆದರೆ ಈಗಿನ ಕಾಲದಲ್ಲಿ ಅಂಗಡಿಗಾಗಲಿ ಕಛೇರಿಗಾಗಲಿ ಶಾಲೆಗಾಗಲಿ ಬರತಕ್ಕವರು ಬೀದಿಯ ಬಾಗಿಲಿಗೆ ಬರುವುದಕ್ಕೆ ಮುಂಚೆ ಮತ್ತೊಂದು ಬಾಗಿಲನ್ನು ತಟ್ಟುತ್ತಾರೆ. ಅದೇ ಜಾಲತಾಣ. ಆ ಬಾಗಿಲಲ್ಲಿ ನಿಂತವರಿಗೆ ನಾವು ಮಾಡುವ ಸತ್ಕಾರವು ಎಂಥದು, ಅದರಲ್ಲಿ ಸಾಮಾನ್ಯವಾಗಿ ಕಂಡುಬರುವ ಲೋಪಗಳು ಯಾವುವು, ಅವುಗಳನ್ನು ತಿದ್ದುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಜಾಲತಾಣಗಳನ್ನು ಕಟ್ಟುವ ಉದ್ಯೋಗದಲ್ಲಿಯೇ ಇರುವರು. ಬೇರೆ ಕೆಲವರು ತಮ್ಮ ಅಂಗಡಿಗೋ ಸಂಘಕ್ಕೋ ಹಣಕೊಟ್ಟು ಅವನ್ನು ಕಟ್ಟಿಸುವರು. ಮಿಕ್ಕವರೂ ಮಕ್ಕಳ ತಾಯಿತಂದೆಗಳೂ ದಿನವೂ ಅವುಗಳನ್ನು ಬಳಸುವರು. ಆದಕಾರಣ ಈ ಪಾಠವು ಒಬ್ಬೊಬ್ಬರಿಗೂ ಒಂದೊಂದು ವಿಧವಾಗಿ ಉಪಯೋಗಕ್ಕೆ ಬರಬಹುದೆಂದು ನಂಬುತ್ತೇವೆ.

ಕೆಲವು ವರುಷಗಳ ಹಿಂದೆ ನಮ್ಮಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ತಾಯಿಯು ವಿದ್ಯಾರ್ಥಿವೇತನದ ಅರ್ಜಿಯ ವಿಷಯವಾಗಿ ನಮ್ಮ ಬಳಿಗೆ ಬಂದರು. ಆಕೆ ಬೀಡಿ ಕಟ್ಟಿ ಸಂಸಾರ ಸಾಗಿಸುವವರು. ಅರ್ಧ ದಿನದ ಸಂಪಾದನೆಯನ್ನು ಬಿಟ್ಟು ಬಂದಿದ್ದರು. ಮನೆಯಲ್ಲಿ ಎರಡು ಸಂಜೆ ಮೊಬೈಲಿನಲ್ಲಿ ಅರ್ಜಿಯನ್ನು ತುಂಬಲು ಪ್ರಯತ್ನಿಸಿದ್ದರಂತೆ. ಮೊದಲನೆಯ ಸಂಜೆ ಎಲ್ಲ ಚೌಕಗಳನ್ನೂ ತುಂಬಿ ಗುಂಡಿಯನ್ನು ಒತ್ತಿದೊಡನೆ “ತಪ್ಪಾಗಿದೆ” ಎಂಬ ಒಂದೇ ಮಾತು ಕಾಣಿಸಿಕೊಂಡು, ಬರೆದುದೆಲ್ಲ ಅಳಿಸಿಹೋಯಿತು. ಎರಡನೆಯ ಸಂಜೆ ಪೆಟ್ಟಿಗೆಯಿಂದ ರೇಷನ್ ಕಾರ್ಡನ್ನು ಹುಡುಕಿ ತರುವಷ್ಟರಲ್ಲಿ “ಸಮಯ ಮುಗಿಯಿತು” ಎಂದು ಬಾಗಿಲು ಮುಚ್ಚಿತು. “ಟೀಚರಮ್ಮಾ, ನಾನು ಓದಿದವಳಲ್ಲ ನೋಡಿ. ನನ್ನ ಕೈಯಿಂದಲೇ ಏನೋ ಕೆಟ್ಟುಹೋಯಿತು,” ಎಂದು ಆಕೆ ತಲೆ ತಗ್ಗಿಸಿಕೊಂಡು ಹೇಳಿದರು.

ನಾವು ಓದಿದವರೇ ಅಲ್ಲವೇ ಎಂದು ಕುಳಿತೆವು. ನಮಗೂ ಎರಡು ಸಾರಿ ಅದೇ ಗತಿಯಾಯಿತು. ಕೊನೆಗೆ ತಿಳಿದುಬಂದುದೇನೆಂದರೆ, ಹುಟ್ಟಿದ ತಾರೀಖಿನ ಅಂಕೆಗಳ ನಡುವೆ ಅಡ್ಡಗೆರೆಯನ್ನು ಹಾಕದೆ ಓರೆಗೆರೆಯನ್ನು ಹಾಕಬೇಕಾಗಿತ್ತು! ಆ ಮಾತನ್ನು ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಗೆರೆಯೊಂದರ ದೆಸೆಯಿಂದ ಒಬ್ಬ ಹುಡುಗಿಯ ವರುಷದ ಪುಸ್ತಕ ಬಟ್ಟೆಗಳ ಹಣವು ತಪ್ಪಿಹೋಗುವುದರಲ್ಲಿತ್ತು. ಇದಕ್ಕಿಂತಲೂ ನಮ್ಮನ್ನು ಹೆಚ್ಚಾಗಿ ನೋಯಿಸಿದುದು ಆ ತಾಯಿಯು ತಗ್ಗಿಸಿದ ತಲೆ. ಆದುದರಿಂದ ಈ ಪಾಠದ ಮುಖ್ಯಾಂಶವನ್ನು ಇಲ್ಲಿಯೇ ಹೇಳಿಬಿಡುತ್ತೇವೆ: ಜಾಲತಾಣದಲ್ಲಿ ದಾರಿ ತಪ್ಪಿದವರು ಬಹುಮಟ್ಟಿಗೆ ತಪ್ಪಿತಸ್ಥರಲ್ಲ, ದಾರಿಯನ್ನು ಹಾಕಿದವರೇ ತಪ್ಪಿತಸ್ಥರು.

ಈ ವಿದ್ಯೆಯು ಹೊಸದೆಂದು ನೆವ ಹೇಳುವಂತೆಯೂ ಇಲ್ಲ. ಜಿನೀವಾ ನಗರದ ಬಳಿಯ ಸರ್ನ್ ಎಂಬ ಸಂಶೋಧನಾಲಯದಲ್ಲಿದ್ದ ಆಂಗ್ಲ ವಿಜ್ಞಾನಿ ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. ೧೯೯೩ನೆಯ ಏಪ್ರಿಲ್ ೩೦ರಂದು ಆ ಸಂಸ್ಥೆಯು ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಮೂರೇ ವರುಷಗಳ ಮೇಲೆ, ಎಂದರೆ ೧೯೯೬ರಲ್ಲಿ, ಡೆನ್ಮಾರ್ಕ್ ದೇಶದ ಜೇಕಬ್ ನೀಲ್ಸನ್ ಎಂಬ ಪಂಡಿತರು ಜಾಲತಾಣ ಕಟ್ಟುವವರು ಮಾಡುವ ಹತ್ತು ತಪ್ಪುಗಳ ಪಟ್ಟಿಯನ್ನು ಪ್ರಕಟಿಸಿದರು. ಪುಟವು ತೆರೆಯಲು ತಡವಾಗುವುದು, ಹಳಸಿದ ಸಮಾಚಾರವನ್ನು ತೆಗೆಯದಿರುವುದು, ಸುಮ್ಮನೆ ಓಡುತ್ತಲೇ ಇರುವ ಅಕ್ಷರಗಳು, ದಾರಿ ತೋರಿಸುವ ಗುರುತುಗಳಿಲ್ಲದಿರುವುದು ಮುಂತಾದುವು ಅದರಲ್ಲಿದ್ದುವು. ಇವು ಇಂದಿಗೂ ನಮ್ಮ ಕಣ್ಣೆದುರಿಗೇ ಇವೆಯಷ್ಟೆ. ಇನ್ನು ಮುಖ್ಯವಾದ ಆರು ಲೋಪಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಲೋಪ, ಬಂದವರನ್ನು ಬಾಗಿಲಲ್ಲಿ ಕಾಯಿಸುವುದು. ನೀಲ್ಸನ್‌ರವರು ಮನುಷ್ಯನ ತಾಳ್ಮೆಗೆ ಮೂರು ಮೇರೆಗಳನ್ನು ಹೇಳಿರುವರು. ಸೆಕೆಂಡಿನ ಹತ್ತರಲ್ಲೊಂದು ಭಾಗದೊಳಗೆ ಉತ್ತರ ಬಂದರೆ ಅದು ತತ್‌ಕ್ಷಣವೇ ಬಂದಂತೆ ತೋರುವುದು. ಒಂದು ಸೆಕೆಂಡಿನೊಳಗೆ ಬಂದರೆ ತಡವಾದುದು ತಿಳಿದರೂ ಯೋಚನೆಯ ಎಳೆಯು ಕಡಿಯದು. ಹತ್ತು ಸೆಕೆಂಡು ಮೀರಿದರೆ ಮನಸ್ಸು ಬೇರೆಡೆಗೆ ಹೊರಟುಹೋಗುವುದು. ತಡಕ್ಕೆ ಮುಖ್ಯ ಕಾರಣವು ಚಿತ್ರಗಳ ಭಾರ. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವು ನಾಲ್ಕೈದು ಮೆಗಾಬೈಟುಗಳಷ್ಟು ತೂಗುವುದುಂಟು. ಅಂಗೈಯಗಲದ ಜಾಗದಲ್ಲಿ ತೋರಿಸುವುದಕ್ಕೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಮೊದಲೇ ಕುಗ್ಗಿಸಿ ಹಾಕಿದರೆ ಬಂದವರ ಕಾಲವೂ ಉಳಿಯುವುದು, ಅವರು ಹಣಕೊಟ್ಟು ಕೊಂಡ ಡೇಟಾವೂ ಉಳಿಯುವುದು.

ಎರಡನೆಯ ಲೋಪ, ಮಾತನಾಡಿಸುವ ಮುಂಚೆಯೇ ಮೈಮೇಲೆ ಬೀಳುವುದು. ಓದಲು ತೊಡಗಿದ ಕೂಡಲೇ ಪುಟವನ್ನೆಲ್ಲ ಮುಚ್ಚಿಕೊಂಡು ಒಂದು ಕಿಟಕಿ ಎದ್ದು ನಿಲ್ಲುವುದು. ಅದನ್ನು ಮುಚ್ಚುವ ಗುರುತೋ ಸಾಸಿವೆಯಷ್ಟು. ಈ ಬಗೆಯ ಜಾಹೀರಾತಿನ ಕಿಟಕಿಗೆ ಮೊದಲು ಸೂತ್ರಗಳನ್ನು ಬರೆದವರಲ್ಲಿ ಒಬ್ಬರಾದ ಅಮೇರಿಕದ ಈಥನ್ ಜುಕರ್‌ಮನ್‌ರವರು ೨೦೧೪ರಲ್ಲಿ ಲೋಕದ ಕ್ಷಮೆಯನ್ನು ಬೇಡಿದರು. ತಮ್ಮ ಉದ್ದೇಶವು ಒಳ್ಳೆಯದೇ ಆಗಿತ್ತೆಂದೂ ಹೇಳಿಕೊಂಡರು. ಉದ್ದೇಶವು ಒಳ್ಳೆಯದಿದ್ದರೂ ಕಾರ್ಯವು ಕೆಡಬಹುದೆಂಬುದಕ್ಕೆ ಇದು ನಿದರ್ಶನ. ಕೇಳದೆಯೇ ಹಾಡುವ, ಕೂಗುವ ಪುಟಗಳೂ ಈ ಜಾತಿಗೇ ಸೇರಿದುವು. ಮಗುವನ್ನು ಮಲಗಿಸಿ ಪಕ್ಕದಲ್ಲಿ ಕುಳಿತು ಓದುವ ತಾಯಿಯನ್ನು ಕೇಳಿದರೆ ಇದರ ಕಷ್ಟ ತಿಳಿಯುವುದು. ತಾನಾಗಿಯೇ ಹೊರಡುವ ಶಬ್ದವನ್ನು ೨೦೧೮ರಿಂದ ಈಚೆಗೆ ಕ್ರೋಮ್ ಮೊದಲಾದ ಬ್ರೌಸರುಗಳೇ ತಡೆಯತೊಡಗಿದುದು ಸಮಾಧಾನದ ಸಂಗತಿ.

ಮೂರನೆಯ ಲೋಪ, ಬೇಕಾದುದನ್ನು ಒಳಗಿಟ್ಟು ಬೇಡವಾದುದನ್ನು ಜಗಲಿಯಲ್ಲಿಡುವುದು. ಶಾಲೆಯೊಂದರ ತಾಣಕ್ಕೆ ಬಂದ ತಂದೆಗೆ ಬೇಕಾಗಿರುವುದು ಭರ್ತಿಯ ದಿನ, ಫೀಸಿನ ಮೊತ್ತ, ವಿಳಾಸ, ದೂರವಾಣಿಯ ಸಂಖ್ಯೆ. ಅವನಿಗೆ ಕಾಣಿಸುವುದು ಒಂದಾದ ಮೇಲೊಂದು ಸರಿದುಹೋಗುವ ಸಮಾರಂಭದ ಚಿತ್ರಗಳು, ಆಡಳಿತ ಮಂಡಳಿಯವರ ಭಾವಚಿತ್ರಗಳು. “ಹೊಸ ಸುದ್ದಿ” ಎಂಬ ತಲೆಬರಹದ ಕೆಳಗೆ ಮೂರು ವರುಷದ ಹಿಂದಿನ ಪ್ರಕಟಣೆ. ಕೊಂಡಿಯೊಂದನ್ನು ಒತ್ತಿದರೆ “ಆ ಪುಟವಿಲ್ಲ” ಎಂಬ ಉತ್ತರ. ಪರಿಹಾರವು ಕಠಿನವಲ್ಲ. ಬರುವವರು ಹೆಚ್ಚಾಗಿ ಕೇಳುವ ಐದು ಪ್ರಶ್ನೆಗಳನ್ನು ಕಛೇರಿಯ ಗುಮಾಸ್ತರಿಂದ ಕೇಳಿ ತಿಳಿದುಕೊಂಡು, ಆ ಐದಕ್ಕೂ ಉತ್ತರವನ್ನು ಮೊದಲನೆಯ ಪುಟದಲ್ಲಿಯೇ ಕೊಡತಕ್ಕದ್ದು. ಪ್ರಕಟಣೆಗಳಿಗೆಲ್ಲ ತಾರೀಖನ್ನು ಹಾಕತಕ್ಕದ್ದು. ಕೊಂಡಿಗಳಿಗೆ “ಇಲ್ಲಿ ಒತ್ತಿರಿ” ಎಂಬ ಹೆಸರನ್ನಿಡದೆ “ಭರ್ತಿಯ ಅರ್ಜಿ” ಎಂಬಂತೆ ಅದು ಹೋಗುವ ಊರಿನ ಹೆಸರನ್ನೇ ಇಡತಕ್ಕದ್ದು.

ನಾಲ್ಕನೆಯ ಲೋಪ, ಓದಲಾಗದ ಅಕ್ಷರ. ಬಿಳಿಯ ಹಾಳೆಯ ಮೇಲೆ ತೆಳು ಬೂದಿಬಣ್ಣದ ಸಣ್ಣ ಅಕ್ಷರಗಳು ಎಳೆಯರ ಕಣ್ಣಿಗೆ ಸೊಗಸೆಂದು ತೋರಬಹುದು. ನಲವತ್ತೈದು ದಾಟಿದವರಿಗೆ ಅವು ಮಂಜಿನೊಳಗಣ ಮರಗಳು. ಜಾಲದ ನಿಯಮಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಒಕ್ಕೂಟವು ಇದಕ್ಕೆ ಅಳತೆಯನ್ನೇ ಹೇಳಿದೆ. ಬಿಳಿಯ ಮೇಲೆ ಕಪ್ಪು ಇದ್ದರೆ ಹೊಳಪಿನ ಅಂತರವು ಒಂದಕ್ಕೆ ೨೧. ಸಾಧಾರಣ ಅಕ್ಷರಗಳಿಗೆ ಅದು ಒಂದಕ್ಕೆ ನಾಲ್ಕೂವರೆಗಿಂತ ಕಡಿಮೆಯಾಗಕೂಡದು. ಕನ್ನಡಕ್ಕೆ ಇನ್ನೊಂದು ಎಚ್ಚರಿಕೆಯೂ ಬೇಕು. ನಮ್ಮ ಲಿಪಿಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರಗಳಿರುವುದರಿಂದ, ಇಂಗ್ಲಿಷಿಗೆ ಸಾಲುವ ಸಾಲಿನ ಅಂತರವು ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುವುದು.

ಇದಕ್ಕಿಂತ ದೊಡ್ಡ ಅಪರಾಧವೊಂದು ಕನ್ನಡದ ತಾಣಗಳಲ್ಲಿ ಕಾಣುವುದು. ಅದು ಬರಹವನ್ನು ಬರಹವಾಗಿಡದೆ ಚಿತ್ರವಾಗಿ ಹಾಕುವುದು. ಹಿಂದಿನ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡ ಅಕ್ಷರಗಳ ಆಕಾರವನ್ನು ಕೂಡಿಸುತ್ತಿದ್ದರು. ಆ ಫಾಂಟಿಲ್ಲದ ಯಂತ್ರದಲ್ಲಿ ಪುಟವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಆ ಕಷ್ಟಕ್ಕೆ ಹೆದರಿ ಬರಹವನ್ನು ಚಿತ್ರಮಾಡಿ ಹಾಕುವ ಅಭ್ಯಾಸ ಬಿದ್ದಿತು. ಆದರೆ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ೧೯೯೧ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆ ದೊರೆತಿದೆ. ಹೀಗಿರಲಾಗಿ ಈಗಲೂ ಪ್ರಕಟಣೆಗಳನ್ನು ಚಿತ್ರಗಳಾಗಿ ಅಂಟಿಸುವುದಕ್ಕೆ ನೆವವಿಲ್ಲ. ಚಿತ್ರದೊಳಗಣ ಮಾತು ಹುಡುಕಿದರೆ ಸುಲಭವಾಗಿ ಸಿಗದು, ಹಿಗ್ಗಿಸಿದರೆ ಮಸುಕಾಗುವುದು, ಕುರುಡರಿಗೆ ಅದು ಇಲ್ಲವೇ ಇಲ್ಲ. ಕುರುಡರು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನದಿಂದ ಓದುವರು. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಅಂಧರು ೨೦೦೬ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬುದು ಅಂಥ ಒಂದು ಸಾಧನ. ಅದು ಧರ್ಮಾರ್ಥವಾಗಿ ದೊರೆಯುವುದು, ಕನ್ನಡವನ್ನೂ ಓದಬಲ್ಲುದು. ಅದರ ಮುಂದೆ ಬರಹವನ್ನಿಟ್ಟರೆ ಓದುವುದು. ಚಿತ್ರವನ್ನಿಟ್ಟರೆ “ಚಿತ್ರ” ಎಂದಷ್ಟೇ ಹೇಳಿ ಮುಂದೆ ಹೋಗುವುದು. ಆದುದರಿಂದ ಚಿತ್ರವು ಅವಶ್ಯವಾದಲ್ಲಿ ಅದರಲ್ಲೇನಿದೆಯೆಂದು ಎರಡು ಮಾತುಗಳನ್ನು ಅದರ ಹಿಂದೆ ಬರೆದಿಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. ಇರುವುದು ನೆನಪಿನ ಖರ್ಚು ಮಾತ್ರ.

ಐದನೆಯ ಲೋಪ, ಪರೀಕ್ಷೆಯಂತಿರುವ ಅರ್ಜಿ. ನಾವು ಮೇಲೆ ಹೇಳಿದ ತಾಯಿಗಾದ ತೊಂದರೆಯು ಇದರಿಂದಲೇ. ಮೊದಲು ಹೇಳಿದ ಒಕ್ಕೂಟವು ೨೦೦೮ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಇದಕ್ಕೆಲ್ಲ ಉತ್ತರವಿದೆ. ತಪ್ಪಾದರೆ ಯಾವ ಚೌಕದಲ್ಲಿ ಏನು ತಪ್ಪಾಯಿತೆಂಬುದನ್ನು ಮಾತಿನಲ್ಲಿ ತಿಳಿಸಬೇಕು. ಸಮಯದ ಮಿತಿಯಿದ್ದರೆ, ಅದು ಮುಗಿಯುವ ಮುನ್ನ ಎಚ್ಚರಿಸಿ, ಹೆಚ್ಚಿಸಿಕೊಳ್ಳಲು ಇಪ್ಪತ್ತು ಸೆಕೆಂಡುಗಳಾದರೂ ಅವಕಾಶ ಕೊಡಬೇಕು. ಇವುಗಳ ಜತೆಗೆ ನಾವು ಕೂಡಿಸುವುದು ಮೂರು ಮಾತು: ಬೇಕಾಗುವ ಕಾಗದಪತ್ರಗಳ ಪಟ್ಟಿಯನ್ನು ಆರಂಭದಲ್ಲಿಯೇ ಕೊಡಬೇಕು, ತಾರೀಖನ್ನು ಬರೆಯುವ ಕ್ರಮಕ್ಕೆ ಒಂದು ಮಾದರಿಯನ್ನು ತೋರಿಸಬೇಕು, ಒಂದು ಚೌಕದ ತಪ್ಪಿಗಾಗಿ ಮಿಕ್ಕ ಚೌಕಗಳನ್ನು ಅಳಿಸಕೂಡದು. ಹುಡುಗಿಯೊಬ್ಬಳು ಒಂದು ಲೆಕ್ಕವನ್ನು ತಪ್ಪಿದಳೆಂದು ಅವಳ ಪುಸ್ತಕವನ್ನೇ ಹರಿದೊಗೆಯುವ ಉಪಾಧ್ಯಾಯಿನಿಯನ್ನು ಯಾವ ತಾಯಿತಂದೆಗಳು ಒಪ್ಪುವರು?

ಆರನೆಯದು ಲೋಪವಲ್ಲ, ಮೋಸ. ಮೊದಲು ಒಂದು ಬೆಲೆ ತೋರಿಸಿ ಹಣ ಕೊಡುವ ಹೊತ್ತಿಗೆ ಮತ್ತೊಂದನ್ನು ಕೂಡಿಸುವುದು. ಕೇಳದ ಪದಾರ್ಥವನ್ನು ಬುಟ್ಟಿಗೆ ಸೇರಿಸುವುದು. ಚಂದಾ ಸೇರುವ ಬಾಗಿಲನ್ನು ಅಗಲವಾಗಿಯೂ ಬಿಡುವ ಬಾಗಿಲನ್ನು ಕಾಣದಂತೆಯೂ ಇಡುವುದು. ಇಂಗ್ಲೆಂಡಿನ ಹ್ಯಾರಿ ಬ್ರಿಗ್ನಲ್‌ರವರು ೨೦೧೦ರಲ್ಲಿ ಇವುಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿಟ್ಟರು. ‘ಕಪಟ ವಿನ್ಯಾಸ’ವೆಂದು ನಾವು ಕರೆಯಬಹುದು. ನಮ್ಮ ದೇಶದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ನೆಯ ನವೆಂಬರಿನಲ್ಲಿ ಇಂಥ ೧೩ ಬಗೆಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಹೀಗೆ ವಂಚಿತರಾದವರು ನಾಚಿಕೊಂಡು ಸುಮ್ಮನಿರದೆ ದೂರು ಕೊಡುವುದು ಯುಕ್ತ.

ಈ ಲೋಪಗಳಿಗೆಲ್ಲ ಮೂಲವೊಂದೇ. ಕಟ್ಟಿದವನು ತನ್ನ ದೊಡ್ಡ ಪರದೆಯ ಮುಂದೆ, ತನ್ನ ವೇಗದ ಜಾಲದಲ್ಲಿ, ತಾನೇ ಹಾಕಿದ ದಾರಿಯಲ್ಲಿ ನಡೆದು ನೋಡಿ, ಎಲ್ಲವೂ ಸರಿಯಾಗಿದೆಯೆಂದು ತಿಳಿಯುವನು. ತನ್ನ ಮನೆಯಲ್ಲಿ ದೀಪವಿಲ್ಲದೆಯೂ ನಡೆದಾಡುವವನಿಗೆ ಹೊಸ್ತಿಲಿನ ಎತ್ತರ ತಿಳಿಯದು, ಎಡವುವವನು ಹೊಸಬ.

ಆದಕಾರಣ ಓದುವವರಿಗೆ ಒಂದು ಅಭ್ಯಾಸವನ್ನು ಕೊಡುತ್ತೇವೆ. ನೀವು ಕಟ್ಟಿದ ಇಲ್ಲವೆ ಕಟ್ಟಿಸಿದ ತಾಣವನ್ನು ಅದನ್ನು ಎಂದೂ ನೋಡದ ಒಬ್ಬರ ಕೈಗೆ, ಸಾಧಾರಣ ಬೆಲೆಯ ಮೊಬೈಲಿನಲ್ಲಿ, ಕೊಡಿರಿ. ಅತ್ತೆಯವರಾಗಲಿ ನೆರೆಮನೆಯವರಾಗಲಿ ಆಗಬಹುದು. “ಇದರಲ್ಲಿ ಫೀಸು ಎಷ್ಟೆಂದು ನೋಡಿ ಹೇಳಿ” ಎಂಬಂಥ ಒಂದು ಕೆಲಸವನ್ನು ಹೇಳಿರಿ. ಬಳಿಕ ಕೈಕಟ್ಟಿ ಹಿಂದೆ ಕುಳಿತುಕೊಳ್ಳಿರಿ. ಬೆರಳು ತೋರಿಸಬೇಡಿರಿ, ಬಾಯಿ ತೆರೆಯಬೇಡಿರಿ. ಅವರು ಎಲ್ಲಿ ತಡೆದರೋ, ಎಲ್ಲಿ ಹಿಂದಿರುಗಿದರೋ ಅಷ್ಟನ್ನು ಬರೆದುಕೊಳ್ಳಿರಿ. ಇಂಥ ಐದು ಮಂದಿಯನ್ನು ನೋಡಿದರೆ ತೊಡಕುಗಳಲ್ಲಿ ಹೆಚ್ಚಿನವು ಹೊರಬೀಳುವುವೆಂದು ನೀಲ್ಸನ್‌ರವರು ೨೦೦೦ದಲ್ಲಿ ಬರೆದಿರುವರು. ಬಾಯಿ ಮುಚ್ಚಿಕೊಂಡಿರುವುದೇ ಈ ಅಭ್ಯಾಸದಲ್ಲಿ ಕಷ್ಟವಾದ ಭಾಗ. ಉಪಾಧ್ಯಾಯಿನಿಯರಾದ ನಮಗಂತೂ ಬಹಳ ಕಷ್ಟವಾಯಿತು.

ಇದು ಬರಿಯ ಉಪಚಾರದ ಮಾತೂ ಅಲ್ಲ. ಕಣ್ಣು ಕಾಣದವರೂ ಆಮ್ಲದಾಳಿಗೆ ಗುರಿಯಾದವರೂ ಬ್ಯಾಂಕು ಮುಂತಾದೆಡೆಗಳಲ್ಲಿ ತಮ್ಮ ಗುರುತನ್ನು ಯಂತ್ರದ ಮೂಲಕ ಸ್ಥಾಪಿಸಲಾರದೆ ಹೋದ ಸಂಗತಿಯನ್ನು ವಿಚಾರಿಸಿ, ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೨೫ನೆಯ ಏಪ್ರಿಲ್ ೩೦ರಂದು, ಇಂಥ ಸೇವೆಗಳಿಗೆ ಪ್ರವೇಶವು ಸಂವಿಧಾನದ ೨೧ನೆಯ ವಿಧಿಯು ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪು ಕೊಟ್ಟಿದೆ. ಬಾಗಿಲು ತೆರೆಯುವುದು ಯಜಮಾನನ ದಯೆಯಲ್ಲ, ಬಂದವರ ಹಕ್ಕು ಎಂದಾಯಿತು.

ಆ ಹುಡುಗಿಗೆ ಆ ವರುಷದ ವೇತನವು ದೊರೆಯಿತು. ಸುದ್ದಿ ಹೇಳಲು ಬಂದ ತಾಯಿಗೆ, “ಅಮ್ಮಾ, ತಪ್ಪು ನಿಮ್ಮದಾಗಿರಲಿಲ್ಲ, ಓದಿದ ನಾವೂ ಅಲ್ಲಿಯೇ ಎಡವಿದೆವಲ್ಲಾ,” ಎಂದು ನಾವು ಹೇಳಿದಾಗ ಆಕೆ ನಕ್ಕರು. ಜಾಲತಾಣ ಕಟ್ಟುವ ನಮ್ಮ ಪ್ರಿಯ ವಿದ್ಯಾರ್ಥಿನಿಯರೇ, ಅರ್ಧ ದಿನದ ಸಂಪಾದನೆಯನ್ನು ಬಿಟ್ಟು, ಮಗಳ ಹುಟ್ಟಿದ ತಾರೀಖನ್ನು ಚೀಟಿಯಲ್ಲಿ ಬರೆದು ಹಿಡಿದುಕೊಂಡು ಆಕೆ ನಿಮ್ಮ ಪುಟದ ಮುಂದೆ ಕುಳಿತಿದ್ದಾರೆಂದು ನೆನೆದು ಕೆಲಸಮಾಡಿರಿ. ಆಕೆಗೆ ಸುಲಭವಾದದ್ದು ಎಲ್ಲರಿಗೂ ಸುಲಭವಾಗುವುದು.