ಮೂರು ಗುಳ್ಳೆ ಮತ್ತು ಒಂದು ಮೌನ: ‘ಆಕ್ಸನ್‌ಫ್ರೀ’ ಆಡಿ ಕಲಿತ ಸಂಭಾಷಣೆ

ಗೇಮ್ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಗನ್ ಶಬ್ದ ಇಲ್ಲವೇ ಫುಟ್‌ಬಾಲ್. ಈ ಸಲ ನಾವು ಎತ್ತಿಕೊಂಡಿರೋ ಆಟದಲ್ಲಿ ಎರಡೂ ಇಲ್ಲ. ‘ಆಕ್ಸನ್‌ಫ್ರೀ’ಯಲ್ಲಿ ನೀವು ಮಾಡೋದು ಎರಡೇ ಕೆಲಸ: ನಡೆಯೋದು, ಮಾತಾಡೋದು. ಜೇಬಲ್ಲಿ ಒಂದು ಪುಟ್ಟ ರೇಡಿಯೋ ಇರುತ್ತೆ, ಅಷ್ಟೇ. ಇದರಲ್ಲಿ ಸಾಯೋಕೂ ಆಗಲ್ಲ. ಆದರೂ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡಿದರೆ ಬೆನ್ನು ತಣ್ಣಗಾಗುತ್ತೆ. ನಾಟಕ, ಕಿರುಚಿತ್ರ ಅಂತ ಕ್ಲಬ್‌ನಲ್ಲಿ ಸಂಭಾಷಣೆ ಬರೆಯೋರಿಗೆ ಇದರಿಂದ ಕಲಿಯೋದು ಬಹಳ ಇದೆ ಅಂತ ನಮಗೆ ಅನ್ನಿಸಿತು. ಕಥೆಯ ಗುಟ್ಟು ಕೆಲವು ಕೆಳಗೆ ಬಿಟ್ಟುಕೊಡ್ತೀವಿ. ಬೇಡ ಅನ್ನೋರು ಮೊದಲು ಆಡಿ ಬನ್ನಿ, ನಾಲ್ಕೈದು ಗಂಟೆಯ ಆಟ.

ನೈಟ್ ಸ್ಕೂಲ್ ಸ್ಟುಡಿಯೋ ಅನ್ನೋ ಅಮೆರಿಕದ ಸಣ್ಣ ತಂಡ ಇದನ್ನ 2016ರ ಜನವರಿಯಲ್ಲಿ ಹೊರತಂದಿತು. ತಂಡ ಕಟ್ಟಿದ ಶಾನ್ ಕ್ರಾಂಕೆಲ್, ಆಡಮ್ ಹೈನ್ಸ್ ಇಬ್ಬರೂ ಕಸಿನ್‌ಗಳು. ಹೆಸರು ಬಂದಿರೋದು ಅಲ್ಲಿನ ಮಕ್ಕಳ ಕಣ್ಣಾಮುಚ್ಚಾಲೆಯಿಂದ. ಆಟ ಮುಗೀತು, ಬಚ್ಚಿಟ್ಟುಕೊಂಡವರೆಲ್ಲ ಹೊರಗೆ ಬನ್ನಿ ಅಂತ ಕೂಗೋ ಕೂಗಿನ ಬಾಲ ಅದು. ಈ ಕಥೆಯಲ್ಲಿ ಬಚ್ಚಿಟ್ಟುಕೊಂಡಿರೋರು ಯಾರು ಅಂತ ಗೊತ್ತಾದಾಗ ಆ ಹೆಸರೇ ಭಯ ಹುಟ್ಟಿಸುತ್ತೆ.

ಕಥೆ ಹೀಗೆ. ಹೈಸ್ಕೂಲ್ ಹುಡುಗಿ ಅಲೆಕ್ಸ್, ಗೆಳೆಯ ರೆನ್, ಅವನು ಇಷ್ಟಪಡೋ ನೋನಾ, ಕ್ಲಾರಿಸ್ಸಾ, ಮತ್ತೆ ಈಗಷ್ಟೇ ಅಲೆಕ್ಸ್‌ಗೆ ಸಂಬಂಧಿಯಾಗಿರೋ ಜೋನಸ್. ಅವನಪ್ಪ, ಇವಳಮ್ಮ ಮದುವೆಯಾಗಿದ್ದಾರೆ. ಐದೂ ಜನ ಎಡ್ವರ್ಡ್ಸ್ ಅನ್ನೋ ದ್ವೀಪಕ್ಕೆ ರಾತ್ರಿ ಪಾರ್ಟಿಗೆ ಹೋಗ್ತಾರೆ. ಅಲ್ಲಿನ ಗುಹೆಯಲ್ಲಿ ಅಲೆಕ್ಸ್ ರೇಡಿಯೋ ಟ್ಯೂನ್ ಮಾಡಿದಾಗ ಗಾಳಿಯಲ್ಲಿ ತ್ರಿಕೋನದ ಬಾಗಿಲೊಂದು ತೆರೆಯುತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ತಮ್ಮವರಿಂದಲೇ ತಪ್ಪಾಗಿ ಹೊಡೆತ ತಿಂದು ಮುಳುಗಿದ ಕನಲೋವಾ ಅನ್ನೋ ಸಬ್‌ಮರೀನ್‌ನ ಜನ ಅದರಾಚೆ ಇದ್ದಾರೆ. ಅವರು ಪೂರ್ತಿ ಸತ್ತಿಲ್ಲ, ಕಾಲದ ಹೊರಗೆ ಸಿಕ್ಕಿಹಾಕಿಕೊಂಡಿದ್ದಾರೆ. ವಾಪಸ್ ಬರೋಕೆ ಅವರಿಗೆ ಈ ಹುಡುಗರ ಮೈ ಬೇಕು. ದ್ವೀಪ, ಹಡಗು ಎಲ್ಲ ಕಲ್ಪನೆಯೇ.

ಈಗ ಪಾಠಕ್ಕೆ ಬರೋಣ. ಹೆಚ್ಚಿನ ಕಥೆ ಆಟಗಳಲ್ಲಿ ಎದುರಿನವರು ಮಾತು ಮುಗಿಸ್ತಾರೆ, ಆಟ ನಿಂತು ಕಾಯುತ್ತೆ, ನೀವು ಪಟ್ಟಿ ನೋಡಿ ಒಂದು ಉತ್ತರ ಒತ್ತುತ್ತೀರಿ. ವೈವಾದಲ್ಲಿ ಕೂತ ಹಾಗೆ. ಇಲ್ಲಿ ಹಾಗಲ್ಲ. ಎಲ್ಲರೂ ನಡೀತಾ ಮಾತಾಡ್ತಿರ್ತಾರೆ. ಅಲೆಕ್ಸ್ ತಲೆಯ ಮೇಲೆ ಸಾಮಾನ್ಯವಾಗಿ ಮೂರು ಮಾತಿನ ಗುಳ್ಳೆ ಮೂಡುತ್ತವೆ, ಕೆಲವು ಸೆಕೆಂಡಿನಲ್ಲಿ ಮಾಸಿಹೋಗ್ತವೆ. ಬೇಗ ಒತ್ತಿದರೆ ಎದುರಿನವರ ಮಾತಿನ ಮಧ್ಯ ಬಾಯಿ ಹಾಕಿದ ಹಾಗೆ. ತಡ ಮಾಡಿದರೆ ಅವಕಾಶ ಹೋಯ್ತು, ಉಳಿದವರು ಮಾತು ಮುಂದುವರಿಸ್ತಾರೆ. ನೀವು ಸುಮ್ಮನಿದ್ದದ್ದೂ ಒಂದು ಉತ್ತರವೇ. ಕೆಲವು ಮಾತಿಗೆ ಎದುರಿನವರ ತಲೆ ಮೇಲೆ ಒಂದು ಪುಟ್ಟ ಚಿತ್ರ ಮೂಡಿ ಮಾಯವಾಗುತ್ತೆ. ನೀವು ಹೇಳಿದ್ದು ಅವರಿಗೆ ನಾಟಿತು ಅಂತ ಅರ್ಥ. ಒಳ್ಳೇದಾಗಿ ನಾಟಿತೋ ಕೆಟ್ಟದಾಗಿಯೋ ಅನ್ನೋದನ್ನ ಆಟ ಹೇಳಲ್ಲ.

ಇದನ್ನ ಬರೆಯೋದು ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ. ಇಪ್ಪತ್ತು ಕಡೆ ಮೂರು ಮೂರು ಆಯ್ಕೆ, ಪ್ರತಿಯೊಂದಕ್ಕೂ ಬೇರೆ ದಾರಿ ಅಂದರೆ ಮೂರರ ಇಪ್ಪತ್ತನೇ ಘಾತ, ಸುಮಾರು 348 ಕೋಟಿ ದಾರಿ. ಮೌನವನ್ನೂ ಸೇರಿಸಿ ನಾಲ್ಕು ಮಾಡಿದರೆ ಒಂದು ಲಕ್ಷ ಕೋಟಿ ದಾಟುತ್ತೆ. ಯಾರೂ ಅಷ್ಟು ಬರೆಯೋಕಾಗಲ್ಲ. ಅದಕ್ಕೇ ಇಂಥ ಆಟಗಳನ್ನ ಕಟ್ಟೋರು ದಾರಿಗಳನ್ನ ಒಡೆದು, ಸ್ವಲ್ಪ ಮುಂದೆ ಮತ್ತೆ ಸೇರಿಸಿಬಿಡ್ತಾರೆ. ಒಡೆದಾಗ ಏನು ನಡೀತು ಅನ್ನೋದನ್ನ ಮಾತ್ರ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ತಾರೆ. ನಮ್ಮ ಸಿ ಲ್ಯಾಬ್‌ನ ಫ್ಲ್ಯಾಗ್ ಇದ್ದ ಹಾಗೆ. ಒಂದು ಗಂಟೆ ಆದಮೇಲೆ ಯಾವುದೋ ದೃಶ್ಯದಲ್ಲಿ ಆ ಫ್ಲ್ಯಾಗ್ ನೋಡಿ ಒಂದೇ ಒಂದು ಸಾಲು ಬದಲಾಗುತ್ತೆ. ಮನುಷ್ಯರ ಜಗಳವೂ ಹೀಗೇ ಅಲ್ವಾ? ಅವತ್ತು ಏನೂ ಆಗಿಲ್ಲ ಅನ್ನೋ ಹಾಗೆ ಊಟಕ್ಕೆ ಕೂರ್ತೀವಿ, ಫ್ಲ್ಯಾಗ್ ಮಾತ್ರ ಒಳಗೆ ಸೆಟ್ ಆಗಿರುತ್ತೆ.

ರೇಡಿಯೋ ಬಗ್ಗೆ ಇಸಿ ಬ್ರಾಂಚ್‌ನೋರು ಖುಷಿಪಡಬಹುದು. ನಿಜವಾದ ರೇಡಿಯೋದಲ್ಲಿ ಟ್ಯೂನ್ ಮಾಡೋದು ಅಂದರೆ ಕಾಯಿಲ್ ಮತ್ತು ಕೆಪ್ಯಾಸಿಟರ್‌ನ ರೆಸೊನೆನ್ಸ್ ಬದಲಾಯಿಸೋದು. ಕೆಪ್ಯಾಸಿಟರ್ ಬೆಲೆ ನಾಲ್ಕು ಪಟ್ಟಾದರೆ ಆವರ್ತನ ಅರ್ಧಕ್ಕೆ ಇಳಿಯುತ್ತೆ. ಗಾಳಿಯಲ್ಲಿ ಎಲ್ಲ ಸ್ಟೇಷನ್‌ಗಳೂ ಒಟ್ಟಿಗೇ ಇರ್ತವೆ, ಸರ್ಕ್ಯೂಟ್ ಒಂದಕ್ಕೆ ಮಾತ್ರ ಜೋರಾಗಿ ಓಗೊಡುತ್ತೆ. ಆಟದ ದೆವ್ವಗಳೂ ಇದೇ ಲೆಕ್ಕದಲ್ಲಿ ಬರೋದು. ಅವರು ಮೊದಲಿನಿಂದಲೂ ಅಲ್ಲೇ ಇದ್ದಾರೆ, ನಾವು ಡಯಲ್ ತಿರುಗಿಸಿದಾಗ ಕೇಳಿಸ್ತಾರೆ. ಮೊಬೈಲ್‌ನಲ್ಲೇ ಹಾಡು ಕೇಳಿ ಬೆಳೆದ ನಮಗೆ ಎರಡು ಸ್ಟೇಷನ್ ನಡುವಿನ ಆ ಗರಗರ ಶಬ್ದವೇ ಹೊಸದು. ಅದರೊಳಗಿಂದ ಹಳೇ ಕಾಲದ ದನಿಯೊಂದು ಮುರಿದು ಮುರಿದು ನಮ್ಮ ಜೊತೆ ಮಾತಾಡೋದು ಈ ಆಟದ ಅತ್ಯಂತ ಒಳ್ಳೆಯ ಭಾಗ. ಅದೇ ಹತ್ತು ಸೆಕೆಂಡು ಮತ್ತೆ ಮತ್ತೆ ನಡೆಯೋ ದೃಶ್ಯಗಳೂ ಇವೆ, ಟೇಪ್ ರೆಕಾರ್ಡರ್ ಚಕ್ರ ತಿರುಗಿಸಿ ಅದರಿಂದ ಬಿಡಿಸಿಕೊಳ್ಳಬೇಕು. ಅಲೆಕ್ಸ್ ನಡಿಗೆ ಮಾತ್ರ ಬಹಳ ನಿಧಾನ. ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ ಮತ್ತೆ ಹೋಗಬೇಕಾದಾಗ ಬೇಜಾರಾಗೋದು ಸಹಜ.

ನಿಜವಾದ ಕಷ್ಟ ಶುರುವಾಗಿದ್ದು, ಈ ಆಟದ ಒಂದು ಸನ್ನಿವೇಶಕ್ಕೆ ಕನ್ನಡದಲ್ಲಿ ನಮ್ಮದೇ ಗುಳ್ಳೆ ಬರೆದು ನೋಡೋಣ ಅಂತ ನಾವು ನಾಲ್ಕು ಜನ ಕೂತಾಗ. ಅಲೆಕ್ಸ್‌ಗೆ ಮೈಕಲ್ ಅನ್ನೋ ಅಣ್ಣ ಇದ್ದ. ಅವಳ ಜೊತೆ ಈಜೋಕೆ ಹೋದಾಗ ಮುಳುಗಿ ಸತ್ತ. ಕ್ಲಾರಿಸ್ಸಾ ಅವನ ಗರ್ಲ್‌ಫ್ರೆಂಡ್, ಅದಕ್ಕೇ ಅವಳಿಗೆ ಅಲೆಕ್ಸ್ ಮೇಲೆ ಸಿಟ್ಟು. ಈಗ ಜೋನಸ್ ಬಂದಿದ್ದಾನೆ. ಅವನನ್ನ ಏನಂತ ಕರೆಯೋದು? ಇಂಗ್ಲಿಷಿನಲ್ಲಿ ಹೆಸರು ಹಿಡಿದು ಕರೆದರೆ ಮುಗೀತು. ಕನ್ನಡದಲ್ಲಿ ‘ಮಲ’ ಅಂತ ಶುರುವಾಗೋ ಪದಗಳು ನಿಘಂಟಿನಲ್ಲಿವೆ, ಮುಖ ನೋಡಿ ಯಾರೂ ಹಾಗೆ ಕರೆಯಲ್ಲ. ನಮ್ಮ ಮನೆಗಳಲ್ಲಾದರೆ ಹಿರಿಯರು ಮೊದಲ ದಿನವೇ ‘ಅಣ್ಣ ಅನ್ನು’ ಅಂತ ಹೇಳಿಕೊಡ್ತಾರೆ. ಆದರೆ ಆ ಪದ ಮೈಕಲ್‌ದು. ಅವನ ಜಾಗ ಇನ್ನೂ ಬಿಸಿಯಾಗಿದೆ. ನಮ್ಮಲ್ಲೊಬ್ಬಳು ಮೊದಲ ಗುಳ್ಳೆಗೆ ‘ಬಾ ಅಣ್ಣ, ದೋಣಿ ಬಂತು’ ಅಂತ ಬರೆದಳು. ಓದಿ ಎಲ್ಲರೂ ಸುಮ್ಮನಾದ್ವಿ. ಅಷ್ಟು ಸುಲಭದ ಸಾಲಿನಲ್ಲಿ ಅಷ್ಟು ದೊಡ್ಡ ತೀರ್ಮಾನ ಕೂತಿತ್ತು. ಕೊನೆಗೆ ಮೂರು ಗುಳ್ಳೆ ಹೀಗಾದವು: ‘ಜೋನಸ್, ದೋಣಿ ಬಂತು’, ‘ದೋಣಿ ಬಂತು ನೋಡು’, ‘ಅಣ್ಣ, ದೋಣಿ ಬಂತು’. ವಿಷಯ ಒಂದೇ, ಫ್ಲ್ಯಾಗ್ ಮೂರು. ನಡುವಿನದು ನಮಗೆ ಬಹಳ ಇಷ್ಟ, ಯಾಕಂದ್ರೆ ಕರೆಯೋದನ್ನೇ ತಪ್ಪಿಸಿಕೊಂಡು ಮಾತಾಡೋದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರೋ ವಿದ್ಯೆ. ಮೌನಕ್ಕೂ ನಮ್ಮಲ್ಲಿ ಒಂದು ತಮ್ಮ ಇದ್ದಾನೆ: ‘ಹೂಂ’. ಒಪ್ಪಿಗೆಯೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಆಟದ ಕೊನೆಯ ಹೊತ್ತಿಗೆ ಅಲೆಕ್ಸ್ ಹಳೇ ದಿನಗಳಿಗೆ ಜಾರಿ ಮೈಕಲ್ ಜೊತೆ ಮಾತಾಡ್ತಾಳೆ. ಅವನು ಕ್ಲಾರಿಸ್ಸಾ ಜೊತೆ ಊರು ಬಿಡೋ ಯೋಚನೆಯಲ್ಲಿದ್ದಾನೆ, ತಂಗಿಯ ಅಭಿಪ್ರಾಯ ಕೇಳ್ತಾನೆ. ನೀವು ಕೊಡೋ ಉತ್ತರದ ಮೇಲೆ ಕೊನೆಯಲ್ಲಿ ಅವನು ಬದುಕಿರಬಹುದು, ಇಲ್ಲದೆಯೂ ಇರಬಹುದು. ನಮ್ಮ ನಾಲ್ವರಲ್ಲಿ ಮೂವರು ಊರು ಬಿಟ್ಟು ಬಂದವರು, ಒಬ್ಬ ಇದೇ ಊರಿನವನು. ‘ಹೋಗು’ ಅಂತ ಒತ್ತಿದವರು ಮೂವರು. ಊರಲ್ಲೇ ಇರೋನು ಒತ್ತಲಿಲ್ಲ, ಗುಳ್ಳೆಗಳು ಮಾಸೋವರೆಗೂ ನೋಡ್ತಾ ಕೂತ.

ಆ ದೃಶ್ಯಕ್ಕೆ ನಮ್ಮ ಕನ್ನಡ ಗುಳ್ಳೆಗಳು ಇನ್ನೂ ತಯಾರಾಗಿಲ್ಲ. ನೀವೂ ಕೈ ಹಚ್ಚಿ. ಸನ್ನಿವೇಶ ಇಷ್ಟೇ: ಅಣ್ಣ ಊರು ಬಿಡ್ತೀನಿ ಅಂತಿದ್ದಾನೆ, ಅವನಿಗೆ ಏನಾಗುತ್ತೆ ಅಂತ ತಂಗಿಗೆ ಮಾತ್ರ ಗೊತ್ತು, ಅದನ್ನ ಹೇಳಿದರೆ ಅವನು ನಂಬಲ್ಲ. ಮೂರು ಗುಳ್ಳೆ ಬರೆಯಿರಿ, ಒಂದೊಂದೂ ಐದು ಪದ ಮೀರಬಾರದು. ಬರೆದದ್ದನ್ನ ಜೋರಾಗಿ ಓದಿ ನೋಡಿ, ಆಮೇಲೆ ಕ್ಲಬ್‌ಗೆ ತನ್ನಿ.