ಆದಾಯ ತೆರಿಗೆಯ ಮರುಪಾವತಿ: ವಿಳಂಬದ ಕಾರಣಗಳು ಮತ್ತು ನಾಗರಿಕನ ಹಕ್ಕು

ಯಲ್ಲಾಪುರ ತಾಲೂಕಿನ ಉಮ್ಮಚಗಿಯಂಥ ಮಲೆನಾಡಿನ ಊರಿನಲ್ಲಿ ಆದಾಯ ತೆರಿಗೆಯ ಮಾತು ಬಂದರೆ, ಅದು ಪೇಟೆಯ ವರ್ತಕರಿಗೂ ದೊಡ್ಡ ಸಂಬಳದ ಅಧಿಕಾರಿಗಳಿಗೂ ಸಂಬಂಧಿಸಿದ ವಿಷಯವೆಂದು ಹಲವರು ಭಾವಿಸುವುದುಂಟು. ಅಡಿಕೆ ತೋಟವೇ ಜೀವನಾಧಾರವಾಗಿರುವಲ್ಲಿ ಈ ಭಾವನೆ ಸಹಜವೇ ಆಗಿದೆ. ಆದರೆ ನಿವೃತ್ತ ಶಿಕ್ಷಕರು, ಠೇವಣಿಯ ಬಡ್ಡಿಯಿಂದ ಸಂಸಾರ ಸಾಗಿಸುವ ವಿಧವೆಯರು, ತೋಟಿಗರು ತಮ್ಮ ಬ್ಯಾಂಕಿನ ಪಾಸ್‌ಬುಕ್ಕನ್ನು ಬಿಡಿಸಿ ನೋಡಿದಾಗ, ಬಡ್ಡಿಯ ಒಂದಂಶ ತೆರಿಗೆಯೆಂದು ಕಡಿತವಾಗಿರುವುದು ಕಂಡುಬರುತ್ತದೆ. ತೆರಿಗೆ ಕೊಡಬೇಕಾದಷ್ಟು ಆದಾಯವೇ ಇಲ್ಲದವರಿಂದಲೂ ಹೀಗೆ ಹಣ ಕಡಿತವಾಗಿರುತ್ತದೆ. ಅದನ್ನು ಮರಳಿ ಪಡೆಯುವ ಕ್ರಮಕ್ಕೆ ಮರುಪಾವತಿ ಎಂದು ಹೆಸರು. ಅದು ತಿಂಗಳುಗಟ್ಟಲೆ ಬಾರದಿದ್ದಾಗ ಹಲವರು ‘ಸರಕಾರಕ್ಕೆ ಹೋದ ಹಣ ಹೋಯಿತು’ ಎಂದು ಕೈಬಿಡುತ್ತಾರೆ.

ಈ ನಿರಾಶೆಗೆ ಕಾನೂನಿನಲ್ಲಿ ಆಧಾರವಿಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂಬುದು ಭಾರತ ಸಂವಿಧಾನದ 265ನೆಯ ಅನುಚ್ಛೇದದ ಸಾರ. ಸಲ್ಲಬೇಕಾದುದಕ್ಕಿಂತ ಹೆಚ್ಚಾಗಿ ಬಂದ ತೆರಿಗೆಯನ್ನು ಹಿಂದಿರುಗಿಸಬೇಕೆಂದು 1961ರ ಆದಾಯ ತೆರಿಗೆ ಕಾಯಿದೆಯ 237ನೆಯ ಕಲಮು ಹೇಳುತ್ತದೆ. ಆದ್ದರಿಂದ ಮರುಪಾವತಿಯು ಸರಕಾರದ ಕೊಡುಗೆಯಲ್ಲ. ಪ್ರಜೆಗೆ ಸಲ್ಲಬೇಕಾದ ಹಣ. 1961ರ ಕಾಯಿದೆಯ ಸ್ಥಾನದಲ್ಲಿ 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡಿದ್ದು, ಅದರಲ್ಲಿ ಕಲಮುಗಳ ಸಂಖ್ಯೆಗಳು ಬೇರೆಯಾಗಿವೆ. ಹಿಂದಿನ ವರ್ಷಗಳ ಪ್ರಕರಣಗಳಿಗೆ ಹಳೆಯ ಕಾಯಿದೆಯೇ ಅನ್ವಯಿಸುವುದರಿಂದ ಇಲ್ಲಿಯ ವಿವೇಚನೆ ಅದನ್ನೇ ಅನುಸರಿಸಿದೆ.

ತೋಟದ ಉತ್ಪನ್ನ ಮತ್ತು ಠೇವಣಿಯ ಬಡ್ಡಿ

ಕೃಷಿ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಸಂವಿಧಾನವು ರಾಜ್ಯಗಳಿಗೆ ಬಿಟ್ಟಿದೆ. ಕೇಂದ್ರದ ಕಾಯಿದೆಯ 10ನೆಯ ಕಲಮು ಆ ಆದಾಯವನ್ನು ಹೊರಗಿರಿಸಿದೆ. ಆದರೆ ಅಡಿಕೆ ಮಾರಿ ಬಂದ ಹಣವನ್ನು ಬ್ಯಾಂಕಿನಲ್ಲಿ ಇಟ್ಟಾಗ ಹುಟ್ಟುವ ಬಡ್ಡಿ ಕೃಷಿ ಆದಾಯವಾಗುವುದಿಲ್ಲ. ತೋಟ ಬೇರೆ, ಠೇವಣಿ ಬೇರೆ. ಈ ಭೇದವನ್ನು ಮರೆತುದೇ ಅನೇಕರ ತೊಂದರೆಗೆ ಮೂಲ.

ಇಂಥದೇ ಪ್ರಶ್ನೆಯೊಂದು ಈ ನೆಲದಿಂದಲೇ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋದುದು ಸ್ಮರಣೀಯ. 1923ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು ಸದಸ್ಯರ ಉತ್ಪನ್ನವನ್ನು ಮಾರಿಕೊಡುವ ಸಂಸ್ಥೆ. ತಕ್ಷಣ ವಿನಿಯೋಗಕ್ಕೆ ಬೇಡವಾದ ಹಣವನ್ನು ಸಂಘವು ಠೇವಣಿಗಳಲ್ಲಿ ತೊಡಗಿಸಿ ಪಡೆದ ಬಡ್ಡಿಗೆ, ಸಹಕಾರ ಸಂಘಗಳಿಗಿರುವ 80ಪಿ ಕಲಮಿನ ವಿನಾಯಿತಿ ಸಲ್ಲುವುದೇ ಎಂಬುದು ವಿವಾದದ ವಿಷಯವಾಗಿತ್ತು. ಸಂಘವು ಆಧರಿಸಿದ ವಿನಾಯಿತಿ ವ್ಯವಹಾರದ ಲಾಭಕ್ಕೆ ಸಂಬಂಧಿಸಿದ್ದು, ಇಂಥ ಬಡ್ಡಿ ‘ಇತರ ಮೂಲಗಳ ಆದಾಯ’ ಎಂದು 2010ರ ಫೆಬ್ರುವರಿ 8ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಈ ತೀರ್ಪು ಸಹಕಾರ ಸಂಘಕ್ಕೆ ಸಂಬಂಧಿಸಿದುದಾದರೂ, ಹಣ ಎಲ್ಲಿಂದ ಬಂದಿತೆಂಬುದಲ್ಲ, ಬಡ್ಡಿ ಎಲ್ಲಿ ಹುಟ್ಟಿತೆಂಬುದೇ ಮುಖ್ಯವೆಂಬ ಪಾಠ ಪ್ರತಿಯೊಬ್ಬ ತೋಟಿಗನಿಗೂ ಉಪಯುಕ್ತವಾದುದು.

ಒಂದು ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಉಮ್ಮಚಗಿಯ 64 ವರ್ಷದ ನಿವೃತ್ತ ಶಿಕ್ಷಕರೊಬ್ಬರಿಗೆ 2023–24ನೆಯ ಸಾಲಿನಲ್ಲಿ 2,10,000 ರೂಪಾಯಿ ನಿವೃತ್ತಿವೇತನ, 80,000 ರೂಪಾಯಿ ಠೇವಣಿಯ ಬಡ್ಡಿ, ಇದಲ್ಲದೆ ಅಡಿಕೆಯಿಂದ 1,50,000 ರೂಪಾಯಿ ಬಂದಿತೆನ್ನೋಣ. ಆ ವರ್ಷ ಹಿರಿಯ ನಾಗರಿಕರ ಬಡ್ಡಿ 50,000 ರೂಪಾಯಿ ಮೀರಿದರೆ ಬ್ಯಾಂಕು ಶೇಕಡಾ 10ರಂತೆ ತೆರಿಗೆಯನ್ನು ಮೂಲದಲ್ಲಿಯೇ ಕಡಿದುಕೊಳ್ಳಬೇಕಾಗಿತ್ತು. ಅದರಂತೆ 8,000 ರೂಪಾಯಿ ಕಡಿತವಾಯಿತು.

ನಿವೃತ್ತಿವೇತನದಿಂದ ಪ್ರಮಾಣಿತ ಕಡಿತ 50,000 ರೂಪಾಯಿ ಕಳೆದರೆ 1,60,000 ಉಳಿಯುತ್ತದೆ. ಬಡ್ಡಿ ಸೇರಿದರೆ 2,40,000. ಹೊಸ ಪದ್ಧತಿಯಲ್ಲಿ ಆ ವರ್ಷ 3,00,000 ರೂಪಾಯಿಯವರೆಗೆ ತೆರಿಗೆಯಿರಲಿಲ್ಲ. 1973ರ ಹಣಕಾಸು ಕಾಯಿದೆಯಿಂದ ಬಂದ ಕ್ರಮದಂತೆ ತೆರಿಗೆಯ ದರ ನಿರ್ಧರಿಸಲು ಕೃಷಿ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದುಂಟು. ಆದರೆ ಕೃಷಿಯೇತರ ಆದಾಯವೇ ವಿನಾಯಿತಿಯ ಮಿತಿಯನ್ನು ದಾಟದಿದ್ದಾಗ ಆ ಪ್ರಶ್ನೆ ಏಳುವುದಿಲ್ಲ. ಆದ್ದರಿಂದ ಸಲ್ಲಬೇಕಾದ ತೆರಿಗೆ ಸೊನ್ನೆ. 8,000 ರೂಪಾಯಿಯೂ ಮರಳಿ ಬರಬೇಕಾದ ಹಣ.

ಈ ಶಿಕ್ಷಕರು ವರ್ಷಾರಂಭದಲ್ಲಿಯೇ ‘15ಎಚ್’ ನಮೂನೆಯ ಘೋಷಣಾಪತ್ರವನ್ನು ಬ್ಯಾಂಕಿಗೆ ಕೊಟ್ಟಿದ್ದರೆ ಕಡಿತವೇ ಆಗುತ್ತಿರಲಿಲ್ಲ. ಅರವತ್ತು ತುಂಬದವರಿಗೆ ‘15ಜಿ’ ನಮೂನೆಯಿತ್ತು. ಏಪ್ರಿಲ್ ತಿಂಗಳ ಒಂದು ಹಾಳೆ ಮುಂದಿನ ವರ್ಷದ ಅಲೆದಾಟವನ್ನು ತಪ್ಪಿಸಬಲ್ಲದು.

ವಿಳಂಬ ಎಲ್ಲಿ ಹುಟ್ಟುತ್ತದೆ?

ಹಿಂದೆ ಮರುಪಾವತಿಯ ಆದೇಶವನ್ನು ಕಚೇರಿಯಲ್ಲಿ ಬರೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವು ಸ್ಥಾಪಿತವಾದ ಬಳಿಕ, ರಿಟರ್ನು ಎಂದು ರೂಢಿಯಲ್ಲಿರುವ ಆದಾಯ ವಿವರಪತ್ರಗಳ ಪರಿಶೀಲನೆ ಗಣಕಯಂತ್ರಕ್ಕೆ ಸೇರಿತು. 2019ರ ಮಾರ್ಚ್ 1ರಿಂದ ಪ್ಯಾನ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಮಾತ್ರ ಹಣ ಜಮೆಯಾಗುವ ಕ್ರಮ ಬಂದಿತು. ಇದರಿಂದ ವೇಗ ಹೆಚ್ಚಿತೆಂಬುದು ನಿಜ. ಆದರೆ ಗುಮಾಸ್ತನಿಗೆ ಮುಖ ನೋಡಿ ತಿಳಿಯುತ್ತಿದ್ದ ಸಂಗತಿ ಯಂತ್ರಕ್ಕೆ ತಿಳಿಯುವುದಿಲ್ಲ. ಒಂದಕ್ಷರ ತಪ್ಪಿದರೂ ಅದು ನಿಂತುಬಿಡುತ್ತದೆ. ಸಾಮಾನ್ಯ ಕಾರಣಗಳು ಹೀಗಿವೆ.

1. ವಿವರಪತ್ರ ಸಲ್ಲಿಸಿ ದೃಢೀಕರಿಸದಿರುವುದು. 2022ರ ಆಗಸ್ಟ್ 1ರಿಂದ ದೃಢೀಕರಣದ ಅವಧಿ 120 ದಿನಗಳಿಂದ 30 ದಿನಗಳಿಗೆ ಇಳಿಯಿತು. ಆಧಾರ್ ಮೂಲಕವಾಗಲಿ, ಸಹಿ ಮಾಡಿದ ಪತ್ರವನ್ನು ಬೆಂಗಳೂರಿಗೆ ಅಂಚೆಯಲ್ಲಿ ಕಳುಹಿಸಿಯಾಗಲಿ ಇದನ್ನು ಪೂರೈಸದಿದ್ದರೆ, ಸಲ್ಲಿಸಿದ ಪತ್ರಕ್ಕೆ ಬೆಲೆಯಿಲ್ಲ.

2. ಹೆಸರಿನ ವ್ಯತ್ಯಾಸ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಸೇರಿ ಪೂರ್ಣ ಹೆಸರು, ಬ್ಯಾಂಕಿನಲ್ಲಿ ಬರಿಯ ಇನಿಷಿಯಲ್, ಪ್ಯಾನ್ ಚೀಟಿಯಲ್ಲಿ ಊರಿನ ಅಡ್ಡಹೆಸರು: ಹೀಗೆ ಒಬ್ಬನೇ ಮನುಷ್ಯ ಮೂವರಾಗಿ ಕಾಣುವುದು ನಮ್ಮ ಕಡೆ ಅಪರೂಪವಲ್ಲ.

3. ಬ್ಯಾಂಕುಗಳ ವಿಲೀನ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಡನೆ ಒಂದಾಯಿತು. ವಿಲೀನದ ನಂತರ ಶಾಖೆಯ ಸಂಕೇತ ಸಂಖ್ಯೆ ಬದಲಾಗಿದ್ದು, ಹಳೆಯದನ್ನೇ ಬರೆದಿದ್ದರೆ ಖಾತೆಯ ಪರಿಶೀಲನೆ ವಿಫಲವಾಗುತ್ತದೆ.

4. ಪ್ಯಾನ್ ಮತ್ತು ಆಧಾರ್ ಜೋಡಣೆಯ ಲೋಪ. ಜೋಡಣೆಯಾಗದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಯಿತು. ಅಂಥವರಿಗೆ ಮರುಪಾವತಿ ಬಾರದು. ಆ ಅವಧಿಯ ಬಡ್ಡಿಯೂ ಸಲ್ಲದು.

5. ಕಡಿತದ ವಿವರ ‘26ಎಎಸ್’ ಎಂಬ ತೆರಿಗೆ ಲೆಕ್ಕಪಟ್ಟಿಯಲ್ಲಿ ಕಾಣದಿರುವುದು. ಕಡಿತ ಮಾಡಿದವರು ತ್ರೈಮಾಸಿಕ ಪಟ್ಟಿಯಲ್ಲಿ ಪ್ಯಾನ್ ತಪ್ಪಾಗಿ ಬರೆದಿದ್ದರೆ ಹಣ ಖಜಾನೆಗೆ ಸೇರಿದ್ದರೂ ಒಡೆಯನ ಹೆಸರಿಗೆ ಸೇರುವುದಿಲ್ಲ.

6. ಹಳೆಯ ಬಾಕಿ. ಹಿಂದಿನ ವರ್ಷದ ಬೇಡಿಕೆಯೇನಾದರೂ ದಾಖಲೆಯಲ್ಲಿದ್ದರೆ 245ನೆಯ ಕಲಮಿನಂತೆ ಮರುಪಾವತಿಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಆದರೆ ಮೊದಲು ಲಿಖಿತ ಸೂಚನೆ ಕೊಡಬೇಕು. ಆ ಸೂಚನೆಗೆ ಕಾಲಮಿತಿಯೊಳಗೆ ಉತ್ತರಿಸುವುದು ನಾಗರಿಕನ ಕೆಲಸ.

ಕೊನೆಯ ಎರಡು ಕಾರಣಗಳಿಂದ ದೇಶಾದ್ಯಂತ ಸಣ್ಣ ತೆರಿಗೆದಾರರು ಕಷ್ಟಕ್ಕೆ ಒಳಗಾದಾಗ, ಲೆಕ್ಕಪರಿಶೋಧಕರೊಬ್ಬರ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ ದೆಹಲಿ ಉಚ್ಚ ನ್ಯಾಯಾಲಯವು 2013ರ ಮಾರ್ಚ್ 14ರಂದು ತೀರ್ಪಿತ್ತಿತು. ಸೂಚನೆ ಕೊಡದೆ ಹಳೆಯ ಬಾಕಿಗೆ ಹೊಂದಿಸಿಕೊಳ್ಳುವುದು ಕ್ರಮವಲ್ಲವೆಂದೂ, ಕಡಿತ ಮಾಡಿದವರ ತಪ್ಪಿಗೆ ತೆರಿಗೆದಾರನನ್ನು ಕಷ್ಟಕ್ಕೆ ಗುರಿಪಡಿಸಕೂಡದೆಂದೂ ಅದರ ಆಶಯ. ಒಂದು ಪತ್ರವೂ ಎಷ್ಟು ದೂರ ಮುಟ್ಟಬಲ್ಲದೆಂಬುದಕ್ಕೆ ಇದು ನಿದರ್ಶನ.

ದಾನಿಯ ಹಕ್ಕು, ಸಂಸ್ಥೆಯ ಹೊಣೆ

ಮರುಪಾವತಿಯ ವಿಳಂಬದಲ್ಲಿ ಶಾಲೆಗಳ ಪಾಲೂ ಇರಬಹುದೆಂಬುದನ್ನು ಮರೆಯಲಾಗದು. ಶಾಲೆಯು ಎರಡು ರೀತಿಯಲ್ಲಿ ಈ ವಿಷಯಕ್ಕೆ ಸೇರುತ್ತದೆ. ಸಿಬ್ಬಂದಿಯ ವೇತನದಿಂದ ತೆರಿಗೆ ಕಡಿಯುವ ಸಂಸ್ಥೆಯು ಅದನ್ನು ಕಟ್ಟಿ, ಪ್ರತಿಯೊಬ್ಬರ ಪ್ಯಾನ್ ಸರಿಯಾಗಿ ನಮೂದಿಸಿ ಪಟ್ಟಿ ಸಲ್ಲಿಸಬೇಕು. ತಪ್ಪಾಗಿದ್ದರೆ ತಿದ್ದುಪಡಿ ಪಟ್ಟಿ ಕೊಡುವುದೂ ಅದರ ಹೊಣೆಯೇ. ಶಿಕ್ಷಕರು ಎಷ್ಟು ಅಲೆದಾಡಿದರೂ ಈ ತಪ್ಪನ್ನು ತಾವೇ ತಿದ್ದಲಾರರು.

ಎರಡನೆಯದು ದಾನದ ವಿಷಯ. ಹಳೆಯ ಪದ್ಧತಿಯನ್ನು ಆರಿಸಿಕೊಂಡ ದಾನಿಗೆ 80ಜಿ ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ಹಣದ ಮೇಲೆ ಕಾನೂನಿನ ಮಿತಿಗೊಳಪಟ್ಟು ವಿನಾಯಿತಿಯಿದೆ. ಹೊಸ ಪದ್ಧತಿಯಲ್ಲಿ ಇದು ದೊರೆಯದು. 2,000 ರೂಪಾಯಿಗೂ ಮೀರಿದ ನಗದು ದಾನಕ್ಕೂ ಇದು ಸಲ್ಲದು. 2021–22ನೆಯ ಸಾಲಿನಿಂದ ಸಂಸ್ಥೆಯು ದಾನಿಗಳ ಪಟ್ಟಿಯನ್ನು ‘10ಬಿಡಿ’ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಿ, ‘10ಬಿಇ’ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕೆಂಬ ನಿಯಮ ಬಂದಿತು. ಬರಿಯ ರಸೀದಿ ಇದಕ್ಕೆ ಸಾಲದು. ಸಂಸ್ಥೆಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದಾನಿಯು ಕೇಳಿದ ವಿನಾಯಿತಿ ಪ್ರಶ್ನೆಗೆ ಒಳಗಾಗಿ ಅವನ ಮರುಪಾವತಿ ತಡೆಯಬಹುದು. ದಾನ ಪಡೆದವರ ಉದಾಸೀನದಿಂದ ದಾನ ಕೊಟ್ಟವನಿಗೆ ನಷ್ಟವಾಗುವುದು ಯಾವ ವಿದ್ಯಾಸಂಸ್ಥೆಗೂ ಶೋಭೆಯಲ್ಲ. ಜಾತ್ರೆ, ಸಮಾರಂಭಗಳಂದು ಬಂದ ದಾನಿಯ ಕೈಗೆ ರಸೀದಿ ಕೊಡುವ ಮುನ್ನ ಅವರ ಪ್ಯಾನ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದು ಸಂಕೋಚಪಡಬೇಕಾದ ಕೆಲಸವಲ್ಲ.

ವಿಳಂಬಕ್ಕೆ ಬಡ್ಡಿ

ಸಣ್ಣ ಮೊತ್ತವೂ ಸರಕಾರದ ಬಳಿ ಉಳಿದಷ್ಟು ಕಾಲಕ್ಕೆ ಬಡ್ಡಿ ಪಡೆಯುತ್ತದೆ. 244ಎ ಕಲಮಿನಂತೆ ತಿಂಗಳಿಗೆ ಶೇಕಡಾ ಅರ್ಧ, ತಿಂಗಳ ಭಾಗವೂ ಪೂರ್ಣ ತಿಂಗಳೆಂದು ಲೆಕ್ಕ. ಈ ದರ 2003ರ ಸೆಪ್ಟೆಂಬರ್ 8ರಿಂದ ಇದ್ದುದು. ತೆರಿಗೆದಾರನು ತಡಮಾಡಿದರೆ ಅವನಿಂದ ತಿಂಗಳಿಗೆ ಶೇಕಡಾ ಒಂದು ಪಡೆಯುವ ಸರಕಾರ, ತಾನು ತಡಮಾಡಿದಾಗ ಅದರ ಅರ್ಧವನ್ನೇ ಕೊಡುವುದು ಸಮನ್ಯಾಯವೇ ಎಂಬುದು ವಿಚಾರವಂತರು ಕೇಳಬೇಕಾದ ಪ್ರಶ್ನೆ.

ಹಿಂದೆ ಹೇಳಿದ ಶಿಕ್ಷಕರು ಗಡುವಾದ 2024ರ ಜುಲೈ 31ರೊಳಗೆ ವಿವರಪತ್ರ ಸಲ್ಲಿಸಿ, 2025ರ ಫೆಬ್ರುವರಿ 15ರಂದು ಹಣ ಪಡೆದರೆನ್ನೋಣ. ಬಡ್ಡಿ 2024ರ ಏಪ್ರಿಲ್ 1ರಿಂದ ಆರಂಭ. ಒಟ್ಟು 11 ತಿಂಗಳು. 8,000 ರೂಪಾಯಿಗೆ 440 ರೂಪಾಯಿ. ಅವರು ಉದಾಸೀನ ಮಾಡಿ ಡಿಸೆಂಬರ್ 10ರಂದು ಸಲ್ಲಿಸಿದ್ದರೆ, ಸಲ್ಲಿಸಿದ ದಿನದಿಂದ ಮಾತ್ರ ಲೆಕ್ಕ. ಮೂರು ತಿಂಗಳಿಗೆ 120 ರೂಪಾಯಿ. ಹೀಗೆ ಬಂದ ಬಡ್ಡಿಯನ್ನು ಆಯಾ ವರ್ಷದ ಆದಾಯದಲ್ಲಿ ತೋರಿಸಬೇಕು. ಮರುಪಾವತಿಯು ನಿರ್ಧಾರವಾದ ತೆರಿಗೆಯ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿ ಸಲ್ಲದೆಂಬುದೂ ತಿಳಿದಿರಲಿ.

ಪರಿಹಾರದ ಮೆಟ್ಟಿಲುಗಳು

ವಿವರಪತ್ರ ಸಲ್ಲಿಸಿದ ಆರ್ಥಿಕ ವರ್ಷ ಮುಗಿದು ಒಂಬತ್ತು ತಿಂಗಳೊಳಗೆ ಪರಿಶೀಲನೆಯ ಸೂಚನಾಪತ್ರ ಕಳುಹಿಸಲು 143ನೆಯ ಕಲಮು ಅವಕಾಶ ಕೊಟ್ಟಿದೆ. ಆದರೆ ಅಲ್ಲಿಯವರೆಗೆ ಸುಮ್ಮನೆ ಕುಳಿತಿರಬೇಕಾಗಿಲ್ಲ. ಮೊದಲು ಇಲಾಖೆಯ ಜಾಲತಾಣದಲ್ಲಿ ಪತ್ರದ ಸ್ಥಿತಿಯನ್ನೂ ಖಾತೆಯ ಪರಿಶೀಲನೆಯನ್ನೂ ನೋಡಬೇಕು. ಖಾತೆಯ ದೋಷದಿಂದ ಹಣ ಹಿಂದೆ ಹೋಗಿದ್ದರೆ ಖಾತೆ ಸರಿಪಡಿಸಿ ಮರುಬಿಡುಗಡೆಗೆ ಕೋರಬೇಕು. ಲೆಕ್ಕದಲ್ಲಿಯೇ ತಪ್ಪು ಕಂಡುಬಂದರೆ 154ನೆಯ ಕಲಮಿನಂತೆ ತಿದ್ದುಪಡಿಗೆ ಅರ್ಜಿಯುಂಟು. ಉತ್ತರ ಬಾರದಿದ್ದರೆ ಇಲಾಖೆಯ ದೂರು ವಿಭಾಗ, ಬಳಿಕ ಕೇಂದ್ರ ಸರಕಾರದ ಸಾರ್ವಜನಿಕ ದೂರು ವ್ಯವಸ್ಥೆ ಇವೆ. ಕೊನೆಯ ಮೆಟ್ಟಿಲು ಉಚ್ಚ ನ್ಯಾಯಾಲಯ; ಉತ್ತರ ಕನ್ನಡ ಜಿಲ್ಲೆಗೆ ಅದು ಧಾರವಾಡ ಪೀಠ. ವಿವರಪತ್ರ ಸಲ್ಲಿಸುವ ಕಾಲವೇ ಮೀರಿಹೋಗಿದ್ದರೂ, ತಕ್ಕ ಕಾರಣವಿದ್ದಲ್ಲಿ ವಿಳಂಬ ಮನ್ನಿಸಲು 119ನೆಯ ಕಲಮಿನಡಿ ಬೇಡಿಕೊಳ್ಳಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಇದಕ್ಕೆ ಕರನಿರ್ಧಾರ ವರ್ಷದ ಕೊನೆಯಿಂದ ಐದು ವರ್ಷಗಳ ಮಿತಿಯಿದೆ.

ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಬೇಕಾಗುವುದು ದಾಖಲೆಯೇ: ಬ್ಯಾಂಕಿನ ಕಡಿತ ಪ್ರಮಾಣಪತ್ರ, ವಿವರಪತ್ರದ ಸ್ವೀಕೃತಿ, ಬಂದ ಸೂಚನೆ, ಕೊಟ್ಟ ಉತ್ತರ. ಇವನ್ನು ವರ್ಷಕ್ಕೊಂದು ಕಡತದಲ್ಲಿ ಇಟ್ಟುಕೊಂಡವನು ಯಾವ ಕಚೇರಿಯ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಪ್ರೌಢಶಾಲೆಯ ಗಣಿತದ ತರಗತಿಯಲ್ಲಿ ಸರಳಬಡ್ಡಿಯನ್ನು ಕಲಿಸುವ ಶಿಕ್ಷಕರು ಮೇಲಿನ 440 ರೂಪಾಯಿಯ ಲೆಕ್ಕವನ್ನೇ ಮಕ್ಕಳಿಂದ ಮಾಡಿಸಬಹುದು. ಪಟ್ಟಣಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಊರಿಗೆ ಬಂದಾಗ ತಮ್ಮ ಗುರುಗಳ ಪಾಸ್‌ಬುಕ್ಕನ್ನು ಒಮ್ಮೆ ಕೇಳಿ ನೋಡಿ, ಕಡಿತವಾದ ತೆರಿಗೆಯನ್ನು ಮರಳಿ ಪಡೆಯಲು ನೆರವಾಗಬಹುದು. ಎಂಟು ಸಾವಿರ ರೂಪಾಯಿ ಸರಕಾರದ ಬೊಕ್ಕಸಕ್ಕೆ ಅಲ್ಪವಾದುದು. ನಿವೃತ್ತ ಶಿಕ್ಷಕನ ಮನೆಗೆ ಅದು ಮಳೆಗಾಲದ ಔಷಧ ಮತ್ತು ದಿನಸಿಯ ಹಣ. ಅದು ಸಲ್ಲಬೇಕಾದವರಿಗೆ ಸಲ್ಲುವಂತೆ ನೋಡಿಕೊಳ್ಳುವುದೂ ವಿದ್ಯೆ ಮಾಡಬೇಕಾದ ಕೆಲಸಗಳಲ್ಲೊಂದು.