ಹಳೆಯ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್‌ನಿಂದ ಹೊಸ ಆಪರೇಟಿಂಗ್ ಸಿಸ್ಟಂ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ಒದಗಿಸುತ್ತಿದ್ದ ಸಾಮಾನ್ಯ ರಕ್ಷಣಾ ತಿದ್ದುಪಡಿಗಳ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮಾತ್ರ ಇನ್ನೊಂದು ವರ್ಷದ, ಎಂದರೆ 2026ರ ಅಕ್ಟೋಬರ್ 13ರ ವರೆಗಿನ ಅವಕಾಶವನ್ನು ಅವರು ಪ್ರಕಟಿಸಿದ್ದರು. ತಿದ್ದುಪಡಿ ನಿಂತಿತೆಂದು ಲ್ಯಾಪ್‌ಟಾಪ್ ಕೆಟ್ಟುಹೋಗುವುದಿಲ್ಲ, ಎಂದಿನಂತೆ ನಡೆಯುತ್ತದೆ. ಆದರೆ ಅದು ಬೇಲಿ ಬಿದ್ದ ತೋಟದ ಹಾಗೆ. ದನ ಇಂದೇ ನುಗ್ಗೀತೆಂದೇನೂ ಇಲ್ಲ, ನುಗ್ಗಿದರೆ ತಡೆಯಲು ಏನೂ ಇಲ್ಲ ಅಷ್ಟೆ. ಅದೇ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವ ಸದಸ್ಯ ಬಾಂಧವರು ಇದನ್ನು ಯೋಚಿಸಲೇಬೇಕಾಗುತ್ತದೆ.

ಹಾಗಾದರೆ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ, 2021ರಲ್ಲಿ ಬಂದ ಆ ಆವೃತ್ತಿಯು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ. ಇಂಟೆಲ್‌ನ ಎಂಟನೆಯ ತಲೆಮಾರಿಗೂ ಹಿಂದಿನ ಪ್ರೊಸೆಸರುಗಳಲ್ಲಿ ಬಹುತೇಕ ಎಲ್ಲವನ್ನೂ ಕಂಪೆನಿಯವರು ಪಟ್ಟಿಯಿಂದ ಹೊರಗಿಟ್ಟಿದ್ದಾರೆ. 2015-16ರಲ್ಲಿ ಮಕ್ಕಳ ಓದಿಗೆಂದು ಕೊಂಡು, ಈಗ ತೋಟದ ಲೆಕ್ಕಕ್ಕೆ ಬಳಸುತ್ತಿರುವ ಯಂತ್ರಗಳು ಹೀಗೆ ಅತಂತ್ರವಾಗಿವೆ. ಹೊಸದನ್ನು ಕೊಳ್ಳಿರೆಂದು ಅಂಗಡಿಯವರು ಹೇಳುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಅವಸರವಿಲ್ಲ. ಲಿನಕ್ಸ್ ಜಾತಿಗೆ ಸೇರಿದ ಆಪರೇಟಿಂಗ್ ಸಿಸ್ಟಂಗಳು ಇಂಥ ಯಂತ್ರಗಳಲ್ಲಿ ಇನ್ನೂ ಹಲವು ವರ್ಷ ಕೆಲಸ ಮಾಡಬಲ್ಲವು. ಅವುಗಳಲ್ಲಿ ವಿಂಡೋಸ್ ಬಳಸಿದವರ ಕೈಗೆ ಬೇಗ ಒಗ್ಗುವುದು ಲಿನಕ್ಸ್ ಮಿಂಟ್. ಅದಕ್ಕೆ ಕಾಸು ಕೊಡಬೇಕಾಗಿಲ್ಲ, ಕದ್ದ ಪ್ರತಿಯನ್ನು ಹಾಕಿಸಿಕೊಳ್ಳುವ ಮುಜುಗರವೂ ಇಲ್ಲ. 4 ಜಿಬಿ ರ್‍ಯಾಮ್ ಇದ್ದರೆ ನಡೆಯುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರಂತೂ ಅದೇ ಲ್ಯಾಪ್‌ಟಾಪೇ ಇದು ಎಂದು ನಂಬುವುದು ಕಷ್ಟ.

ಆದರೆ ಎಲ್ಲರಿಗೂ ಇದು ಸರಿಹೋಗುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್‌ನಲ್ಲೇ ಇರುವುದು ಮೇಲು, ಏಕೆಂದರೆ ಅದು ವಿಂಡೋಸ್‌ಗಾಗಿಯೇ ಮಾಡಿದ ತಂತ್ರಾಂಶ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮೊದಲು ಆ ಟೋಕನ್ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಕೊಟ್ಟವರನ್ನೇ ಕೇಳಬೇಕು. ಎಕ್ಸೆಲ್ ಹಾಳೆಗಳಲ್ಲಿ ಲೆಕ್ಕವಿಟ್ಟು, ಮಿಂಚಂಚೆ ನೋಡಿ, ಧಾರಣೆ ತಿಳಿದು, ಪಹಣಿ ಮುದ್ರಿಸಿಕೊಳ್ಳುವವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಮಿಂಟ್ ಜೊತೆಗೇ ಬರುವ ಲಿಬ್ರೆ ಆಫೀಸ್ ಆ ಹಾಳೆಗಳನ್ನು ತೆರೆಯುತ್ತದೆ. ಮ್ಯಾಕ್ರೋ ಬರೆದಿಟ್ಟ ಹಾಳೆಗಳು ಮಾತ್ರ ತಕರಾರು ಮಾಡಬಹುದು.

ಇನ್ನು ಕೆಲಸಕ್ಕೆ ಬರೋಣ. ಈ ಕೆಲಸದಲ್ಲಿ ಕಷ್ಟವೆನ್ನುವುದು ಕಡಿಮೆ, ಅಪಾಯವೆನ್ನುವುದು ಒಂದೇ ಕಡೆ ಇದೆ. ಹೊಸ ಸಿಸ್ಟಂ ಕೂಡಿಸುವಾಗ ಡಿಸ್ಕನ್ನು ಅಳಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಒಪ್ಪಿದರೆ ಸಿ ಡ್ರೈವ್ ಮಾತ್ರವಲ್ಲ, ಅದೇ ಡಿಸ್ಕಿನಲ್ಲಿರುವ ಡಿ ಡ್ರೈವ್ ಕೂಡ ಹೋಗುತ್ತದೆ. ‘ನಮ್ಮದೆಲ್ಲ ಡಿ ಡ್ರೈವ್‌ನಲ್ಲಿದೆ, ಅದಕ್ಕೇನೂ ಆಗುವುದಿಲ್ಲ’ ಎಂದು ಧೈರ್ಯದಿಂದಿರುವವರು ಬಹಳ ಮಂದಿ. ನಮ್ಮ ಸದಸ್ಯರೊಬ್ಬರು ಹಾಗೆಯೇ ನಂಬಿ ಪೇಟೆಯ ಅಂಗಡಿಯೊಂದಕ್ಕೆ ಲ್ಯಾಪ್‌ಟಾಪ್ ಕೊಟ್ಟರು. ಸಂಜೆಗೆ ಯಂತ್ರ ಚುರುಕಾಗಿ ಕೈಸೇರಿತು, ಒಳಗೆ ಒಂಬತ್ತು ವರ್ಷದ ಲೆಕ್ಕವಿರಲಿಲ್ಲ. ಪಹಣಿಯನ್ನು ಮತ್ತೆ ತೆಗೆಸಬಹುದು, ಬ್ಯಾಂಕಿನಿಂದ ಪಾಸ್‌ಬುಕ್ಕಿನ ವಿವರವನ್ನೂ ಪಡೆಯಬಹುದು. ಯಾವ ತಾಕಿನಲ್ಲಿ ಯಾವ ವರ್ಷ ಎಷ್ಟು ಹಣ್ಣು ಕೊಯ್ದೆವು, ಕ್ಯೂರಿಂಗಿನಲ್ಲಿ ಔಟ್‌ಟರ್ನ್ ಎಷ್ಟು ಬಂತು, ಕೊಳೆರೋಗಕ್ಕೆ ಯಾವ ದಿನ ಬೋರ್ಡೋ ಹೊಡೆಸಿದೆವು, ಆಳಿನ ಮುಂಗಡ ಯಾರ ಮೇಲೆ ಎಷ್ಟು ಉಳಿಯಿತು ಎಂಬುದನ್ನು ಯಾವ ಕಛೇರಿಯೂ ಮತ್ತೆ ಬರೆದುಕೊಡಲಾರದು.

ಆದ್ದರಿಂದ ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಒಂದರಲ್ಲಿ ನಿಮ್ಮ ಕಡತಗಳು, ಇನ್ನೊಂದರಲ್ಲಿ ಹೊಸ ಸಿಸ್ಟಂ. ಒಂದಕ್ಕೆ ಕೆಂಪು ದಾರ ಕಟ್ಟಿಬಿಡಿ, ಆಗ ಕೈತಪ್ಪುವುದಿಲ್ಲ. ಕೆಂಪು ದಾರದ್ದಕ್ಕೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೊಗಳು, ಡಿ ಡ್ರೈವ್ ಎಲ್ಲವನ್ನೂ ಪ್ರತಿ ಮಾಡಿ. ಬಳಿಕ ಅದನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ನಾವು ಪ್ರತಿಯೆಂದೇ ಎಣಿಸುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಪತ್ರಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ಇಲ್ಲವಾದರೆ ಅಕ್ಷರಗಳ ಜಾಗದಲ್ಲಿ ಅರ್ಥವಾಗದ ಗುರುತುಗಳು ಕಾಣುತ್ತವೆ.

ಹೊಸ ಸಿಸ್ಟಂಗೆ 8 ಜಿಬಿಯ ಪೆನ್‌ಡ್ರೈವ್ ಸಾಕು. ಲಿನಕ್ಸ್ ಮಿಂಟ್‌ನವರ ಸ್ವಂತ ತಾಣದಿಂದಲೇ ಐಎಸ್‌ಒ ಕಡತವನ್ನು ಇಳಿಸಿಕೊಳ್ಳಬೇಕು. ಅದು ಸುಮಾರು 3 ಜಿಬಿ ಇರುವುದರಿಂದ ನೆಟ್‌ವರ್ಕ್ ದುರ್ಬಲವಾದ ಊರಿನವರು ಪೇಟೆಗೆ ಹೋದಾಗ ಇಳಿಸಿಕೊಂಡು ಬರುವುದು ಒಳ್ಳೆಯದು. ಈ ಕಡತವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಪ್ರತಿ ಮಾಡಿದರೆ ಅದರಿಂದ ಯಂತ್ರ ಏಳುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಅದನ್ನು ರೂಫಸ್ ಎಂಬ ಪುಟ್ಟ ಉಚಿತ ತಂತ್ರಾಂಶದ ಮೂಲಕ ಬರೆಯಬೇಕು. ರೂಫಸ್ ತೆರೆದು, ಮೇಲಿನ ಸಾಲಿನಲ್ಲಿ ಪೆನ್‌ಡ್ರೈವ್ ಆರಿಸಿ, ಸೆಲೆಕ್ಟ್ ಒತ್ತಿ ಐಎಸ್‌ಒ ಕಡತವನ್ನು ತೋರಿಸಿ. ಪಕ್ಕದಲ್ಲೇ ಸರಿಗುರುತಿನ ಸಣ್ಣ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಶಾ256 ಎಂಬ 64 ಅಕ್ಷರ-ಅಂಕಿಗಳ ಸಾಲು ಬರುತ್ತದೆ. ಮಿಂಟ್ ತಾಣದಲ್ಲಿ ಕೊಟ್ಟ ಸಾಲಿನೊಡನೆ ಅದನ್ನು ತಾಳೆ ನೋಡಿ. ತೂಕದ ಚೀಟಿಯನ್ನು ರಸೀದಿಯೊಡನೆ ತಾಳೆ ನೋಡುವುದಿಲ್ಲವೇ, ಇದೂ ಹಾಗೆಯೇ. ಒಂದಕ್ಷರ ಬೇರೆಯಾದರೂ ಕಡತ ಅರ್ಧ ಇಳಿದಿದೆ ಅಥವಾ ಕೆಟ್ಟಿದೆ ಎಂದು ತಿಳಿದು ಮತ್ತೆ ಇಳಿಸಿಕೊಳ್ಳಿ. ಸರಿಯಾಗಿದ್ದರೆ ಸ್ಟಾರ್ಟ್ ಒತ್ತಿ. ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ಕೆಂಪು ದಾರ ಕಟ್ಟಿದ್ದು ಇದಕ್ಕಾಗಿಯೇ.

ಮುಂದೆ ಲ್ಯಾಪ್‌ಟಾಪನ್ನು ಪೆನ್‌ಡ್ರೈವ್‌ನಿಂದ ಎಬ್ಬಿಸಬೇಕು. ಪೆನ್‌ಡ್ರೈವ್ ಚುಚ್ಚಿ, ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಕೊಟ್ಟರೆ ವಿಂಡೋಸ್ ಅನೇಕ ವೇಳೆ ಪೂರ್ತಿ ಮಲಗುವುದಿಲ್ಲ. ತಯಾರಕರ ಹೆಸರು ಪರದೆಯ ಮೇಲೆ ಕಾಣುವ ಮುನ್ನವೇ ಗೊತ್ತಾದ ಕೀಲಿಯನ್ನು ಮತ್ತೆ ಮತ್ತೆ ಒತ್ತಬೇಕು. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ನಂತರ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಮೊದಲು ಎಫ್2 ಒತ್ತಿ ಬಯಾಸ್‌ನಲ್ಲಿ ಅದಕ್ಕೆ ಅನುಮತಿ ಕೊಡಬೇಕಾಗಬಹುದು. ಒಂದೆರಡು ಸಲ ಕೀಲಿಯ ಹೊತ್ತು ತಪ್ಪಿ ವಿಂಡೋಸ್ ಎದ್ದರೆ ಗಾಬರಿ ಬೇಡ, ಮತ್ತೆ ರೀಸ್ಟಾರ್ಟ್ ಮಾಡಿ. ಬರುವ ಪಟ್ಟಿಯಲ್ಲಿ ಯುಎಸ್‌ಬಿ ಎಂದಿರುವ ಸಾಲನ್ನು ಆರಿಸಿ.

ಸ್ವಲ್ಪ ಹೊತ್ತಿಗೆ ಮಿಂಟ್ ಪರದೆ ತೆರೆದುಕೊಳ್ಳುತ್ತದೆ. ಈಗ ಅದು ನಡೆಯುತ್ತಿರುವುದು ಪೆನ್‌ಡ್ರೈವ್‌ನಿಂದ. ನಿಮ್ಮ ಡಿಸ್ಕಿನಲ್ಲಿ ಇನ್ನೂ ಒಂದಕ್ಷರವೂ ಬದಲಾಗಿಲ್ಲ. ಈ ವ್ಯವಸ್ಥೆಯೇ ಲಿನಕ್ಸ್‌ನ ದೊಡ್ಡ ಅನುಕೂಲವೆಂದು ನಾವು ತಿಳಿದಿದ್ದೇವೆ, ಅವಸರ ಮಾಡದೆ ಅದರ ಪ್ರಯೋಜನ ಪಡೆಯಿರಿ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಮುದ್ರಿಸುತ್ತದೆಯೇ, ಕೆಂಪು ದಾರದ ಪೆನ್‌ಡ್ರೈವ್‌ನಲ್ಲಿನ ಎಕ್ಸೆಲ್ ಹಾಳೆ ತೆರೆಯುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಕೆಲವು ಹಳೆಯ ಲ್ಯಾಪ್‌ಟಾಪುಗಳಲ್ಲಿ ವೈಫೈ ಕೂಡಲೇ ಸಿಗುವುದಿಲ್ಲ. ಆಗ ಮೊಬೈಲನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಇಂಟರ್‌ನೆಟ್ ಬರುತ್ತದೆ. ಪೆನ್‌ಡ್ರೈವ್‌ನಿಂದ ನಡೆಯುವಾಗ ಎಲ್ಲವೂ ನಿಧಾನ, ಅದನ್ನು ನೋಡಿ ಬೇಸರಪಡಬೇಡಿ. ಮನಸ್ಸಿಗೆ ಬಾರದಿದ್ದರೆ ಯಂತ್ರ ನಿಲ್ಲಿಸಿ ಪೆನ್‌ಡ್ರೈವ್ ಕಿತ್ತರಾಯಿತು, ಹಳೆಯ ವಿಂಡೋಸ್ ಇದ್ದಂತೆಯೇ ಇರುತ್ತದೆ.

ಒಪ್ಪಿಗೆಯಾದರೆ ಪರದೆಯ ಮೇಲಿರುವ ಇನ್‌ಸ್ಟಾಲ್ ಚಿತ್ರವನ್ನು ಎರಡು ಸಲ ಒತ್ತಿ. ಮೊದಲು ಚಾರ್ಜರ್ ಸಿಕ್ಕಿಸಿ, ಬ್ಯಾಟರಿಯೂ ತುಂಬಿರಲಿ. ಜುಲೈ ತಿಂಗಳ ಗಾಳಿಮಳೆಯಲ್ಲಿ ಮಲೆನಾಡಿನ ವಿದ್ಯುತ್ತನ್ನು ನಂಬಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಆರಂಭಿಸಬಾರದು. ಭಾಷೆ, ಕೀಲಿಮಣೆಗಳ ಪ್ರಶ್ನೆಗಳು ಸುಲಭ. ಆಮೇಲೆ ಬರುವುದೇ ಮೇಲೆ ಹೇಳಿದ ಪ್ರಶ್ನೆ. ‘ಅಲಾಂಗ್‌ಸೈಡ್’ ಎಂದಿರುವುದನ್ನು ಆರಿಸಿದರೆ ವಿಂಡೋಸ್ ಉಳಿದು ಪಕ್ಕದಲ್ಲಿ ಮಿಂಟ್ ಕೂರುತ್ತದೆ, ಯಂತ್ರ ತೆರೆಯುವಾಗ ಬೇಕಾದ್ದನ್ನು ಆರಿಸಬಹುದು. ‘ಇರೇಸ್ ಡಿಸ್ಕ್’ ಎಂದರೆ ಹೆಸರೇ ಹೇಳುವಂತೆ ಎಲ್ಲವೂ ಅಳಿಯುತ್ತದೆ. ಡಿಸ್ಕಿನಲ್ಲಿ 100 ಜಿಬಿಯಷ್ಟು ಜಾಗ ಖಾಲಿಯಿದ್ದರೆ ಮೊದಲ ಸಲ ಅಲಾಂಗ್‌ಸೈಡ್ ಆರಿಸಿ, ಆರು ತಿಂಗಳು ಬಳಸಿ ನೋಡಿ ಎಂಬುದು ನಮ್ಮ ಸಲಹೆ. ಬಿಟ್‌ಲಾಕರ್ ಬೀಗ ಹಾಕಿದ ಯಂತ್ರವಾದರೆ ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಬರೆದಿಟ್ಟುಕೊಂಡು, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆರಿಸಿದ ಬಳಿಕವೇ ಮುಂದುವರಿಯಬೇಕು. ಮುಂದಿನ ಪರದೆಗಳಲ್ಲಿ ಊರಿನ ಸಮಯಕ್ಕೆ ಕೋಲ್ಕತ, ನಿಮ್ಮ ಹೆಸರು, ಒಂದು ಪಾಸ್‌ವರ್ಡ್. ಕೊನೆಗೆ ಪೆನ್‌ಡ್ರೈವ್ ಕಿತ್ತು ಎಂಟರ್ ಒತ್ತಲು ಹೇಳುತ್ತದೆ.

ಹೊಸ ಸಿಸ್ಟಂ ಎದ್ದ ಮೇಲೆ ಅಪ್‌ಡೇಟ್ ಮ್ಯಾನೇಜರ್ ತೆರೆದು ತಿದ್ದುಪಡಿಗಳನ್ನು ಹಾಕಿಕೊಳ್ಳಿ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡ ಕಗಪ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಬೆರಳಚ್ಚು ಮಾಡಿ ರೂಢಿಯಿದ್ದವರ ಬೆರಳು ಅಲ್ಲಿ ತಡವರಿಸುವುದಿಲ್ಲ. ನಂತರ ಕೆಂಪು ದಾರದ ಪೆನ್‌ಡ್ರೈವ್‌ನಿಂದ ಕಡತಗಳನ್ನು ಒಳಗೆ ಪ್ರತಿ ಮಾಡಿ, ಪೆನ್‌ಡ್ರೈವ್‌ನಲ್ಲಿರುವುದನ್ನು ಹಾಗೆಯೇ ಉಳಿಸಿ.

ಮಿಂಟ್ ಬರೆದ ಪೆನ್‌ಡ್ರೈವ್ ಅನ್ನೂ ಅಳಿಸದೆ ಮೇಜಿನ ಖಾನೆಯಲ್ಲಿಡಿ. ನೆರೆಮನೆಯ ಲ್ಯಾಪ್‌ಟಾಪಿನಲ್ಲಿ ಎಂದಾದರೂ ವಿಂಡೋಸ್ ಏಳದೆ ಕುಳಿತರೆ, ಅದನ್ನು ಅಂಗಡಿಗೆ ಒಯ್ಯುವ ಮೊದಲು ಇದರಿಂದ ಎಬ್ಬಿಸಿ, ಡಿಸ್ಕ್ ಜೀವಂತವಾಗಿದ್ದರೆ ಅವರ ಲೆಕ್ಕದ ಕಡತಗಳನ್ನು ಹೊರಗೆ ತೆಗೆದುಕೊಡಬಹುದು.